ಕಾರಿನ ಸುಳ್ಳು ಕೂಗು

ರಾತ್ರಿ ಎರಡೂವರೆಯ ಹೊತ್ತು. ಶಹಾಪುರದ ಬೆಟ್ಟಸಾಲು ಮಲಗಿದ ಬುದ್ಧನ ಆಕಾರದಲ್ಲಿದೆಯೆಂದು ನೋಡಬಂದವರೆಲ್ಲ ಹೇಳುವರಷ್ಟೆ. ಆ ರಾತ್ರಿ ಬುದ್ಧನೊಬ್ಬನೇ ಮಲಗಿದ್ದ; ಬೆಟ್ಟದ ಕೆಳಗಿನ ಓಣಿಯೊಂದು ಪೂರ್ತಿ ಎಚ್ಚತ್ತಿತ್ತು. ಬೇವಿನ ಮರದ ಅಡಿಯಲ್ಲಿ ನಿಲ್ಲಿಸಿದ್ದ ಬಿಳಿಯ ಕಾರು, ಯಾರೋ ಅದರ ಕುತ್ತಿಗೆಗೆ ಕೈ ಹಾಕಿದರೆಂಬಂತೆ ಕೂಗುತ್ತಿತ್ತು. ನಾಲ್ಕು ಮೂಲೆಯ ದೀಪಗಳೂ ಹೊತ್ತಿ ಆರುತ್ತಿದ್ದವು. ಹತ್ತಿರದಲ್ಲಿ ಕಳ್ಳನೂ ಇಲ್ಲ, ನಾಯಿಯೂ ಇಲ್ಲ.

ಕಾರಿನ ಒಡೆಯರು ಬ್ಯಾಂಕೊಂದರ ನೌಕರರು. ಕಾರನ್ನು ಅವರು ಹೊಸದಾಗಿ ಕೊಂಡವರಲ್ಲ. ಇನ್ನೊಬ್ಬರು ಕೆಲವು ವರ್ಷ ಓಡಿಸಿದ್ದನ್ನು ಕೊಂಡವರು. ಅಲಾರಮ್ಮೂ ಕಾರ್ಖಾನೆಯಲ್ಲಿ ಕೂಡಿಸಿದ್ದಲ್ಲ, ಹಿಂದಿನ ಒಡೆಯರು ಅಂಗಡಿಯೊಂದರಲ್ಲಿ ಹಾಕಿಸಿದ್ದು. ಲುಂಗಿ ಸುತ್ತಿಕೊಂಡು, ರಿಮೋಟನ್ನು ಹುಡುಕಿಕೊಂಡು ಅವರು ಹೊರಬರುವಷ್ಟರಲ್ಲಿ ಎದುರು ಮನೆಯ ಮುದುಕಿ ಕಟ್ಟೆಯ ಮೇಲೆ ಬಂದು ಕುಳಿತಾಗಿತ್ತು.

“ಏನ್ ತಮ್ಮಾ, ನಿನ್ನ ಗಾಡಿಗಿ ದಿನಾ ರಾತ್ರಿ ಏನಾಗ್ತದಪ್ಪಾ? ಮೊಮ್ಮಗಂದು ಪರೀಕ್ಷಾ ಅದ. ನಿನ್ನೆ ಭೀ ನಿದ್ದಿಲ್ಲ, ಇವತ್ತ ಭೀ ನಿದ್ದಿಲ್ಲ.”

“ತಪ್ಪಾಯ್ತು ಆಯಿ. ನಾಳಿ ತೋರಸ್ತೀನಿ.”

“ಮೊದಲನೇ ದಿನ ಕಳ್ಳ ಬಂದನಂತ ನಾವೆಲ್ಲ ಬಡಿಗಿ ಹಿಡ್ಕೊಂಡು ಓಡಿ ಬಂದಿದ್ವಿ. ಇನ್ ನಾಳಿ ಖರೇ ಕಳ್ಳ ಬಂದ್ರ ಯಾರೂ ಏಳಂಗಿಲ್ಲ ನೋಡು.”

ಮುದುಕಿ ಹೇಳಿದ ಈ ಕೊನೆಯ ಮಾತು ಅವರ ಮನಸ್ಸಿಗೆ ನಾಟಿತು. ನಾಟಬೇಕಾದ ಮಾತೇ. ಅಲಾರಂ ಎಂಬುದು ಬೀಗದಂತೆ ತಾನೇ ತಡೆಯುವ ವಸ್ತುವಲ್ಲ. ಅದು ಕೂಗುತ್ತದೆ, ಏಳಬೇಕಾದವರು ಮನುಷ್ಯರು. ಅವರು ಏಳದೆ ಹೋದರೆ ಸೈರನ್ನಿನ ಗದ್ದಲಕ್ಕೂ ಗಾಳಿಗೆ ಬಡಿದುಕೊಳ್ಳುವ ಕಿಟಕಿಯ ಸದ್ದಿಗೂ ಭೇದವಿಲ್ಲ. ಅಮೆರಿಕದಲ್ಲಿ 1997ರಲ್ಲಿ 7 ಕೋಟಿ 30 ಲಕ್ಷ ವಾಹನಗಳ ವಿಮೆಯ ದಾಖಲೆಗಳನ್ನು ಪರಿಶೀಲಿಸಿದವರು, ಅಲಾರಂ ಇದ್ದ ಕಾರುಗಳಲ್ಲಿ ಕಳವಿನ ನಷ್ಟವು ಒಟ್ಟಾರೆ ಕಡಿಮೆಯಾಗಿಲ್ಲವೆಂದು ಕಂಡರು. ಯಂತ್ರ ಕೂಗುವುದನ್ನು ಕಲಿತಿತು. ಅದೇ ಹೊತ್ತಿಗೆ ಜನ ಅದನ್ನು ಕೇಳದಿರುವುದನ್ನು ಕಲಿತರು.

ಈ ಸೀಮೆಯವರಿಗೆ ಕಾವಲಿನ ಮರ್ಮ ಹೊಸದಲ್ಲ. ಸುರಪುರದ ಬೇಡ ನಾಯಕರ ನಾಡು ಇದು. 1705ರಲ್ಲಿ ಔರಂಗಜೇಬನು ತಾನೇ ಬಂದು ನಡೆಸಿದ ಕಡೆಯ ಮುತ್ತಿಗೆ ಇಲ್ಲಿಯ ವಾಗಣಗೇರಾ ಕೋಟೆಯದು. ಯಾದಗಿರಿಯ ಬೆಟ್ಟದ ಮೇಲಿನ ಕೋಟೆ, ಹಳ್ಳಿಗಳಲ್ಲಿ ಇಂದಿಗೂ ಅಲ್ಲಲ್ಲಿ ನಿಂತಿರುವ ಹುಡೇವು ಎಂಬ ದುಂಡನೆಯ ಬುರುಜುಗಳು, ಇವೆಲ್ಲ ಕಣ್ಣಿಟ್ಟು ಕಾಯುವುದಕ್ಕಾಗಿಯೇ ಎದ್ದವು. ಬುರುಜಿನ ಮೇಲಿದ್ದವನು ಎಲೆ ಅಲುಗಿದಾಗಲೆಲ್ಲ ಕೂಗು ಹಾಕಿದ್ದರೆ ಕೆಳಗಿನವರು ಮೂರನೆಯ ದಿನ ಅವನನ್ನು ಇಳಿಸಿ ಬೇರೆಯವನನ್ನು ಹತ್ತಿಸುತ್ತಿದ್ದರು. ಕಾರಿನ ಅಲಾರಮ್ಮನ್ನು ಹಾಗೆ ಇಳಿಸುವುದಕ್ಕೆ ಬರುವುದಿಲ್ಲ. ಅದಕ್ಕೆ ಎಲೆ ಯಾವುದು, ಕೈ ಯಾವುದು ಎಂಬುದನ್ನು ಕಲಿಸಬೇಕಾಗುತ್ತದೆ.

ಮರುದಿನವೇ ಬ್ಯಾಂಕಿನವರು ಭೀಮೆಯ ಸೇತುವೆ ದಾಟಿ ಯಾದಗಿರಿಗೆ ಹೋದರು. ಸ್ಟೇಷನ್ನಿನ ಕಡೆಗೆ ವಾಹನಗಳ ವಿದ್ಯುತ್ತಿನ ಕೆಲಸ ಮಾಡುವ ಮುದುಕರೊಬ್ಬರಿದ್ದರು. ಎಲ್ಲರೂ ಅವರನ್ನು ಚಾಚಾ ಎಂದೇ ಕರೆಯುವುದು. ಬ್ಯಾಂಕಿನವರು ಹೋದವರೇ, “ಚಾಚಾ, ಈ ಸೈರನ್ ಕಿತ್ತು ಒಗೀರಿ” ಎಂದರು.

ಚಾಚಾ ಕಾರಿನ ಹತ್ತಿರವೂ ಸುಳಿಯಲಿಲ್ಲ. ಸ್ಟೂಲು ಎಳೆದು ಕೂಡಿಸಿ, “ಕೀಳೋದು ಐದು ಮಿನಿಟಿನ ಕೆಲಸರಿ. ಮೊದಲ ಹೇಳ್ರಿ, ಯಾವಾಗ ಒದರ್ತದ? ಲಾರಿ ಹೋದಾಗೋ, ಗಾಳಿ ಬಿಟ್ಟಾಗೋ, ಗಾಡಿ ನಿಲ್ಲಿಸಿದ ಕೂಡ್ಲೇನೋ, ಬೆಳಗಿನ ಜಾವಕ್ಕೋ?” ಎಂದು ಕೇಳಿದರು.

ಅರ್ಧ ರೋಗ ಪತ್ತೆಯಾಗುವುದು ಈ ಪ್ರಶ್ನೆಯಲ್ಲಿಯೇ. ಅಲಾರಂ ಎಂಬುದು ಒಂದು ವಸ್ತುವಲ್ಲ, ಒಂದು ಸಣ್ಣ ಸಂಸಾರ. ಡ್ಯಾಷ್‌ಬೋರ್ಡಿನ ಒಳಗೆಲ್ಲೋ ಅಡಗಿರುವ ಅಂಗೈಯಗಲದ ಪೆಟ್ಟಿಗೆಯೊಂದು ಯಜಮಾನ. ಬಾಗಿಲು, ಡಿಕ್ಕಿ, ಬಾನೆಟ್ಟುಗಳಲ್ಲಿರುವ ಸ್ವಿಚ್ಚುಗಳು ‘ತೆರೆಯಿತು’ ಎಂದು ಅದಕ್ಕೆ ಸುದ್ದಿ ಮುಟ್ಟಿಸುತ್ತವೆ. ಶಾಕ್ ಸೆನ್ಸರ್ ಎಂಬುದು ‘ಯಾರೋ ತಟ್ಟಿದರು’ ಎಂದು ಹೇಳುತ್ತದೆ. ಕೆಲವು ಕಾರುಗಳಲ್ಲಿ ಒಳಗಿನ ಚಲನೆಯನ್ನು ಕಿವಿಗೆ ಕೇಳದ ಶಬ್ದದಿಂದ ಅರಿಯುವ ಸೆನ್ಸರೂ ಇರುತ್ತದೆ. ಇವರಲ್ಲಿ ಯಾರೊಬ್ಬರು ಸುಳ್ಳು ಹೇಳಿದರೂ ಯಜಮಾನ ನಂಬುತ್ತಾನೆ, ಸೈರನ್ನಿಗೆ ಅಪ್ಪಣೆ ಕೊಡುತ್ತಾನೆ. ಆದುದರಿಂದ ಸೈರನ್ನನ್ನು ಬೈದು ಫಲವಿಲ್ಲ. ಸುಳ್ಳು ಹೇಳಿದವರು ಯಾರೆಂದು ಹುಡುಕಬೇಕು. ಅನೇಕ ಅಲಾರಮ್ಮುಗಳು ಅದನ್ನೂ ತಾವೇ ತಿಳಿಸುತ್ತವೆ. ಕೂಗಿದ ಅಲಾರಮ್ಮನ್ನು ರಿಮೋಟಿನಿಂದ ಆರಿಸಿದ ಮೇಲೆ, ಡ್ಯಾಷ್‌ಬೋರ್ಡಿನ ಕೆಂಪು ದೀಪ ಇಂತಿಷ್ಟು ಸಲವೆಂದು ಮಿನುಗುತ್ತದೆ. ಎಷ್ಟು ಮಿನುಗಿಗೆ ಬಾಗಿಲು, ಎಷ್ಟಕ್ಕೆ ತಟ್ಟು ಎಂಬುದು ಆಯಾ ಕಂಪನಿಯ ಕೈಪಿಡಿಯಲ್ಲಿರುತ್ತದೆ. ಆ ಕೈಪಿಡಿಯನ್ನು ಕಾರು ಕೊಂಡ ವಾರದಲ್ಲಿಯೇ ಕಳೆದುಹಾಕುವುದು ನಮ್ಮ ಸಂಪ್ರದಾಯ.

ಬ್ಯಾಂಕಿನವರ ಬಳಿಯೂ ಕೈಪಿಡಿ ಇರಲಿಲ್ಲ. ನೆನಪು ಮಾತ್ರ ಇತ್ತು. ಸಂಜೆ ಕಾರು ನಿಲ್ಲಿಸಿ ಬೀಗ ಹಾಕಿದ ಒಂದೆರಡು ನಿಮಿಷಕ್ಕೆ ಒಮ್ಮೆ ಕೂಗಿದ್ದುಂಟು. ಉಳಿದದ್ದೆಲ್ಲ ನಡುರಾತ್ರಿಯ ಮೇಲೆ.

ಚಾಚಾ ಮೊದಲು ಮೀಟರಿನ ಎರಡು ತುದಿಗಳನ್ನು ಬ್ಯಾಟರಿಗೆ ಹಿಡಿಯುವವರಿದ್ದರು. ಆದರೆ ಆಗತಾನೆ ಓಡಿಸಿಕೊಂಡು ಬಂದ ಕಾರಿನ ಬ್ಯಾಟರಿಯನ್ನು ಅಳೆಯುವುದೆಂದರೆ, ಈಗತಾನೆ ಉಂಡೆದ್ದವನಿಗೆ ಹಸಿವಿದೆಯೇ ಎಂದು ಕೇಳಿದ ಹಾಗೆ. ಕೆಲವು ಗಂಟೆ ಬಿಟ್ಟು ಅಳೆಯಬೇಕು. ತುಂಬಿದ ಬ್ಯಾಟರಿ ವಿಶ್ರಾಂತಿಯಲ್ಲಿ ಸುಮಾರು 12.6 ವೋಲ್ಟು ತೋರಿಸುತ್ತದೆ. 12.2ಕ್ಕೆ ಇಳಿದರೆ ಅರ್ಧ ಬರಿದಾಯಿತೆಂದು ತಿಳಿಯಬೇಕು. 12ಕ್ಕಿಂತ ಕೆಳಗೆ ಹೋದುದರ ಮಾತು ಹೇಳುವುದೇ ಬೇಡ. ಎಂಜಿನ್ ನಡೆಯುತ್ತಿರುವಾಗ 13.8ರಿಂದ 14.4ರವರೆಗೆ ಬಂದರೆ ಆಲ್ಟರ್ನೇಟರ್ ತನ್ನ ಕೆಲಸ ಮಾಡುತ್ತಿದೆಯೆಂದು ಅರ್ಥ. ಬ್ಯಾಂಕಿನವರು ಕೆಲಸವೊಂದನ್ನು ಮುಗಿಸಿಕೊಂಡು ಮಧ್ಯಾಹ್ನದ ಮೇಲೆ ಬಂದಾಗ ಮೀಟರು 12.1 ತೋರಿಸುತ್ತಿತ್ತು.

ಬ್ಯಾಟರಿ ಸೊರಗಿದರೆ ಅಲಾರಂ ಏಕೆ ಕೂಗಬೇಕು? ಹಳೆಯ ಕೆಲವು ಅಲಾರಮ್ಮುಗಳು ಬಾಗಿಲು ತೆರೆದುದನ್ನು ಸ್ವಿಚ್ಚಿನಿಂದಲ್ಲ, ವೋಲ್ಟೇಜಿನ ಇಳಿತದಿಂದ ತಿಳಿಯುತ್ತವೆ. ಬಾಗಿಲು ತೆರೆದರೆ ಒಳಗಿನ ದೀಪ ಹೊತ್ತುತ್ತದೆ, ದೀಪ ಹೊತ್ತಿದರೆ ವೋಲ್ಟೇಜು ತುಸು ಬೀಳುತ್ತದೆ, ಬಿದ್ದ ಕೂಡಲೇ ಕೂಗು. ಸೊರಗಿದ ಬ್ಯಾಟರಿಯಲ್ಲಿ ಅಂಥ ಇಳಿತ ಕಾರಣವಿಲ್ಲದೆಯೂ ಆಗಬಹುದು. ಬಿಸಿಲು ನಾಡಿನಲ್ಲಿ ಇನ್ನೊಂದು ಕಾರಣವೂ ಉಂಟು. ಬೇಸಗೆಯಲ್ಲಿ ಯಾದಗಿರಿಯ ಬಿಸಿಲು 40 ಡಿಗ್ರಿಯನ್ನು ದಾಟುವುದು ಸಾಮಾನ್ಯ. ಅಂಥ ದಿನ ಸುರಪುರದಿಂದ ಓಡಿಬಂದ ಕಾರಿನ ಎಂಜಿನ್ನನ್ನು ನಿಲ್ಲಿಸಿದರೂ ಕೆಲವು ಕಾರುಗಳ ರೇಡಿಯೇಟರಿನ ಫ್ಯಾನು ತಾನೇ ತಿರುಗತೊಡಗುತ್ತದೆ. ಅದು ಎಳೆಯುವ ವಿದ್ಯುತ್ತು ಸಣ್ಣದಲ್ಲ. ಒಡೆಯ ಬೀಗ ಹಾಕಿ ಮನೆಯೊಳಗೆ ಕಾಲಿಡುತ್ತಿದ್ದಂತೆ ಫ್ಯಾನು ತಿರುಗುತ್ತದೆ, ವೋಲ್ಟೇಜು ಬೀಳುತ್ತದೆ, ಅಲಾರಮ್ಮಿಗೆ ಕಳ್ಳ ಬಂದಂತಾಗುತ್ತದೆ. ಸಂಜೆಯ ಕೂಗಿನ ಗುಟ್ಟು ಇದು. ಹೀಗೆ ವೋಲ್ಟೇಜು ನೋಡುವ ಏರ್ಪಾಡನ್ನು ಅನೇಕ ಪೆಟ್ಟಿಗೆಗಳಲ್ಲಿ ಬೇರೆಯಾಗಿಯೇ ನಿಲ್ಲಿಸಿಬಿಡಬಹುದು. ಚಾಚಾ ಅದನ್ನು ನಿಲ್ಲಿಸಿ, ಬಾಗಿಲ ಸ್ವಿಚ್ಚುಗಳ ತಂತಿಯನ್ನು ನೇರವಾಗಿ ಪೆಟ್ಟಿಗೆಗೆ ಕೂಡಿಸಿದರು.

ಬ್ಯಾಟರಿ ಸೊರಗಿದ್ದು ಏಕೆಂಬುದಕ್ಕೂ ಲೆಕ್ಕ ಸುಲಭ. ಬ್ಯಾಂಕಿನವರು ನಡೆದೇ ಕೆಲಸಕ್ಕೆ ಹೋಗುವವರು. ಕಾರು ಹೊರಡುವುದು ಹದಿನೈದು ದಿನಕ್ಕೊಮ್ಮೆ. ನಿಂತ ಕಾರಿನಲ್ಲಿಯೂ ಅಲಾರಂ, ಗಡಿಯಾರ, ರೇಡಿಯೊಗಳ ನೆನಪು ಎಲ್ಲ ಸೇರಿ 50 ಮಿಲಿ ಆಂಪಿಯರಿನವರೆಗೆ ಎಳೆದುಕೊಳ್ಳುವುದುಂಟು. ದಿನಕ್ಕೆ 1.2 ಆಂಪಿಯರ್ ಗಂಟೆ. ಸಣ್ಣ ಕಾರಿನ 35 ಆಂಪಿಯರ್ ಗಂಟೆಯ ಬ್ಯಾಟರಿ ಹದಿನಾಲ್ಕು ದಿನ ನಿಂತಲ್ಲಿಯೇ ನಿಂತರೆ ಅರ್ಧದಷ್ಟು ಖಾಲಿ. ವಾರಕ್ಕೊಮ್ಮೆ ಶಹಾಪುರದಿಂದ ಸುರಪುರದವರೆಗೆ ಹೋಗಿಬಂದರೆ ಬ್ಯಾಟರಿಯೂ ಉಳಿಯುತ್ತದೆ, ನೆಂಟಸ್ತಿಕೆಯೂ ಉಳಿಯುತ್ತದೆ.

ಅನಂತರ ಬಾನೆಟ್ಟಿನ ಸರದಿ. ಬಾನೆಟ್ಟಿನ ಅಡಿಯಲ್ಲಿ ಬೆರಳುದ್ದದ ಸ್ಪ್ರಿಂಗಿನ ಮೊಳೆಯೊಂದಿರುತ್ತದೆ. ಮುಚ್ಚಿದಾಗ ಅದು ಒತ್ತಿಕೊಂಡು ಸುಮ್ಮನಿರುತ್ತದೆ. ತೆರೆದಾಗ ಮೇಲೆದ್ದು ತಂತಿಯನ್ನು ಕಾರಿನ ಮೈಗೆ ಮುಟ್ಟಿಸುತ್ತದೆ. ಈ ಮೊಳೆಗೆ ಮಳೆಯ ನೀರು, ಎಂಜಿನ್ನಿನ ಶಾಖ, ಎರೆಮಣ್ಣಿನ ಧೂಳು ಮೂರೂ ತಗಲುತ್ತವೆ. ಹತ್ತಿ ಬಿಡಿಸುವ ಕಾಲದಲ್ಲಿ ಹೊಲದ ದಾರಿ ಹಿಡಿದು ಬಂದ ಕಾರಿನ ಬಾನೆಟ್ಟು ತೆರೆದು ನೋಡಿದರೆ ಎಂಜಿನ್ನಿನ ಬಣ್ಣವೇ ಕಾಣುವುದಿಲ್ಲ. ಮೊಳೆ ತುಕ್ಕು ಹಿಡಿದು ಅರ್ಧಕ್ಕೆ ಸಿಕ್ಕಿಕೊಂಡರೆ, ರಾತ್ರಿಯ ತಂಪಿಗೆ ಲೋಹ ಕೂದಲೆಳೆಯಷ್ಟು ಕುಗ್ಗಿದರೂ ಸಾಕು, ತಂತಿ ಮುಟ್ಟುತ್ತದೆ. ಹಗಲೆಲ್ಲ ಸುಮ್ಮನಿದ್ದು ಬೆಳಗಿನ ಜಾವಕ್ಕೆ ಕೂಗುವ ಕಾರುಗಳಲ್ಲಿ ಮೊದಲು ಅನುಮಾನಿಸಬೇಕಾದುದು ಇದನ್ನೇ. ಚಾಚಾ ಮೊಳೆಯನ್ನು ಬಿಚ್ಚಿ, ಉಪ್ಪುಕಾಗದದಿಂದ ಉಜ್ಜಿ, ತುದಿಯ ರಬ್ಬರು ಸವೆದುದನ್ನು ಕಂಡು ಹೊಸದನ್ನು ಹಾಕಿದರು. ಇಲಿಗಳು ತಂತಿ ಕಡಿದಿವೆಯೇ ಎಂದೂ ಟಾರ್ಚು ಹಿಡಿದು ನೋಡಿದರು. ಮಾರುಕಟ್ಟೆಯ ಗೋದಾಮುಗಳ ಪಕ್ಕದಲ್ಲಿ ಕಾರು ನಿಲ್ಲಿಸುವವರು ಇದನ್ನು ಆಗಾಗ ನೋಡಿಕೊಳ್ಳಬೇಕು.

ಆ ರಾತ್ರಿ ಓಣಿ ನಿದ್ದೆ ಮಾಡಿತು. ಎರಡನೆಯ ರಾತ್ರಿ ಒಂದೂವರೆಗೆ ಮತ್ತೆ ಅದೇ ಗೋಳು!

ಬ್ಯಾಂಕಿನವರಿಗೆ ಅಳುವೇ ಬಂದಿತು. ಆದರೆ ಈ ಸಲ ಅವರು ಒಂದು ಬುದ್ಧಿವಂತಿಕೆಯ ಕೆಲಸ ಮಾಡಿದರು. ಸೈರನ್ನು ಆರಿಸಿದ ಮೇಲೆ ಒಳಗೆ ಹೋಗದೆ ಮುದುಕಿಯ ಕಟ್ಟೆಯ ಮೇಲೆ ಕುಳಿತು, ಕಾರನ್ನು ಮತ್ತೆ ಎಚ್ಚರದಲ್ಲಿಟ್ಟು ಕಾದರು. ಓಣಿಯ ತುದಿಯಲ್ಲಿ, ಜೇವರ್ಗಿಯಿಂದ ಬಂದು ಸುರಪುರದ ಮೇಲೆ ತಿಂಥಣಿ ಸೇತುವೆಯ ಕಡೆಗೆ ಹೋಗುವ ಹೆದ್ದಾರಿ. ಭತ್ತ ತುಂಬಿದ ಲಾರಿಯೊಂದು ಗುಂಡಿಗೆ ಇಳಿದು ಏರಿತು. ಕಾಲ ಕೆಳಗಿನ ನೆಲ ಸಣ್ಣಗೆ ಅದುರಿದ್ದು ಅವರಿಗೇ ತಿಳಿಯಿತು. ಅದೇ ಕ್ಷಣಕ್ಕೆ ಕಾರು ಕೂಗಿತು. ಮುದುಕಿ ಒಳಗಿನಿಂದಲೇ, “ಸಿಕ್ಕ ನೋಡು ಕಳ್ಳ” ಎಂದಳು.

ಶಾಕ್ ಸೆನ್ಸರೆಂದರೆ ಬೆಂಕಿಪೆಟ್ಟಿಗೆಯಷ್ಟು ಸಣ್ಣ ಡಬ್ಬಿ. ಒಳಗೆ ಅದುರಿದರೆ ವಿದ್ಯುತ್ತು ಹುಟ್ಟಿಸುವ ಹರಳಿನ ತುಂಡೊಂದು, ಇಲ್ಲವೆ ಸುರುಳಿಯ ಬಳಿ ತೂಗುವ ಅಯಸ್ಕಾಂತವೊಂದು. ಎಷ್ಟು ಅದುರಿದರೆ ಸುದ್ದಿ ಮುಟ್ಟಿಸಬೇಕೆಂಬುದನ್ನು ಡಬ್ಬಿಯ ಮೈಮೇಲಿನ ಪುಟ್ಟ ತಿರುಪು ನಿರ್ಧರಿಸುತ್ತದೆ. ಒಳ್ಳೆಯ ಸೆನ್ಸರುಗಳಲ್ಲಿ ಎರಡು ಮೆಟ್ಟಿಲಿರುತ್ತವೆ: ಸಣ್ಣ ತಟ್ಟಿಗೆ ಚುಟುಕಾದ ಒಂದೆರಡು ಚಿಲಿಪಿಲಿ, ದೊಡ್ಡ ಹೊಡೆತಕ್ಕೆ ಪೂರ್ಣ ಕೂಗು. ಕೂಡಿಸುವ ಅಂಗಡಿಯವರು ಗಿರಾಕಿಯ ಕಣ್ಣೆದುರು ಗಾಜಿನ ಮೇಲೆ ಬೆರಳಾಡಿಸಿ ಕಾರನ್ನು ಕೂಗಿಸಿ ತೋರಿಸುತ್ತಾರೆ. ಗಿರಾಕಿಗೆ ಸಂತೋಷವಾಗುತ್ತದೆ. ತಿರುಪು ಅಂದಿನಿಂದ ಆ ತುದಿಯಲ್ಲಿಯೇ ಉಳಿಯುತ್ತದೆ. ಬೆರಳಿಗೆ ಕೂಗುವ ಕಾರು ಬೆಕ್ಕಿಗೂ ಕೂಗುತ್ತದೆ, ಮದುವೆಯ ಮೆರವಣಿಗೆಗೂ ಕೂಗುತ್ತದೆ, ಯಾದಗಿರಿಯಲ್ಲಿ ಹಳಿಯ ಬಳಿ ಮನೆಯಿದ್ದವರ ಕಾರು ಮುಂಬಯಿ–ಚೆನ್ನೈ ಮಾರ್ಗದ ಗೂಡ್ಸು ಗಾಡಿಗಳಿಗೆಲ್ಲ ಸಲಾಮು ಹೊಡೆಯುತ್ತದೆ.

ಈ ತಿರುಪನ್ನು ಸರಿಮಾಡುವುದಕ್ಕೆ ವಿದ್ಯೆ ಬೇಡ, ತಾಳ್ಮೆ ಬೇಕು. ಬ್ಯಾಂಕಿನವರಿಗೆ ಮರುದಿನ ಚಾಚಾ ಫೋನಿನಲ್ಲಿಯೇ ಹೇಳಿಕೊಟ್ಟರು. ಡಬ್ಬಿ ಸಾಮಾನ್ಯವಾಗಿ ಸ್ಟಿಯರಿಂಗಿನ ಕೆಳಗೆ ಇಲ್ಲವೆ ಗೇರಿನ ಮುಂದೆ ಇರುತ್ತದೆ. ಮೊದಲು ಒಂದು ರಾತ್ರಿ ಅದರ ಪ್ಲಗ್ಗನ್ನೇ ಕಿತ್ತಿಟ್ಟು ನೋಡುವುದು ಮೇಲು. ಕಾರು ಸುಮ್ಮನಿದ್ದರೆ ಅಪರಾಧಿ ಇದೇ. ಆಗಲೂ ಕೂಗಿದರೆ ತಿರುಪಿಗೆ ಕೈಹಚ್ಚುವುದರಲ್ಲಿ ಅರ್ಥವಿಲ್ಲ, ಮತ್ತೆ ಸ್ವಿಚ್ಚುಗಳ ಕಡೆಗೆ ಹೋಗಬೇಕು. ಡಬ್ಬಿ ಅಳ್ಳಕವಾಗಿ ತೂಗಾಡುತ್ತಿದೆಯೇ ಎಂದೂ ನೋಡಬೇಕು. ತೂಗಾಡುವ ಸೆನ್ಸರು ತನ್ನ ಅದುರಿಕೆಗೆ ತಾನೇ ಬೆದರುತ್ತದೆ. ಲೋಹಕ್ಕೆ ಬಿಗಿದುದು ಹೆಚ್ಚು ಚುರುಕು, ತಂತಿಗಳ ಕಟ್ಟಿಗೆ ಬಿಗಿದುದು ಕೊಂಚ ಮಂದ. ಆಮೇಲೆ ತಿರುಪನ್ನು ಅತ್ಯಂತ ಮಂದದ ಕಡೆಗೆ ತಂದು, ಅಲ್ಲಿಂದ ಕಾಲು ಸುತ್ತಿಗಿಂತ ಕಡಿಮೆ ಕಡಿಮೆಯಾಗಿ ಏರಿಸುತ್ತ ಹೋಗಬೇಕು. ಪ್ರತಿ ಸಲವೂ ಬಾಗಿಲು ಮುಚ್ಚಿ, ರಿಮೋಟಿನಿಂದ ಎಚ್ಚರದಲ್ಲಿಟ್ಟು, ಒಂದು ನಿಮಿಷ ಸುಮ್ಮನೆ ನಿಲ್ಲಬೇಕು. ಬೀಗ ಬಿದ್ದ ಕೂಡಲೇ ಸೆನ್ಸರು ನಂಬಿಕೆಗೆ ಯೋಗ್ಯವಲ್ಲ, ಅದು ನೆಲೆಗೊಳ್ಳುವುದಕ್ಕೆ ಹೊತ್ತು ಬೇಕು. ಅನಂತರ ಮುಷ್ಟಿಯ ಮೆತ್ತನೆಯ ಭಾಗದಿಂದ ಮುಂದಿನ ಗಾಜಿನ ಪಕ್ಕದ ಕಂಬಕ್ಕೆ ಗುದ್ದಬೇಕು. ಕಿಟಕಿಯ ಗಾಜಿಗೆ ಗುದ್ದಿ ಗಾಜು ಒಡೆದುಕೊಂಡವರೂ ಉಂಟು. ಗಾಜು ಒಡೆಯುವಷ್ಟು ಬಲದ ಗುದ್ದಿಗೆ ಪೂರ್ಣ ಕೂಗು, ಅಂಗೈಯ ತಟ್ಟಿಗೆ ಚಿಲಿಪಿಲಿ, ಟೈರಿಗೆ ಕಾಲು ತಾಗಿಸಿದರೆ ಮೌನ. ಅಲ್ಲಿಗೆ ತಿರುಪನ್ನು ಬಿಟ್ಟುಬಿಡಬೇಕು. ಇಷ್ಟೆಲ್ಲ ನಡೆಯುವಾಗ ಕೀಲಿಕೈ ಜೇಬಿನಲ್ಲಿರಲಿ. ಕಾರಿನೊಳಗೆ ಬಿಟ್ಟು ಹೊರಗೆ ನಿಂತವನ ಪಾಡನ್ನು ಓಣಿಯ ಹುಡುಗರು ವರ್ಷಗಟ್ಟಲೆ ಆಡಿಕೊಳ್ಳುತ್ತಾರೆ.

ಈ ಪರೀಕ್ಷೆಯನ್ನು ಹಗಲಿನಲ್ಲಿ ನಡೆಸುವುದು ಸೌಜನ್ಯ. ಅದು ಕಾನೂನಿಗೂ ಹತ್ತಿರದ ಮಾತು. 2000ನೆಯ ವರ್ಷದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ ಎಂದರೆ ಹತ್ತರಿಂದ ಬೆಳಗಿನ ಆರರವರೆಗೆ. ವಾಸದ ಬಡಾವಣೆಗಳಲ್ಲಿ ಆ ಹೊತ್ತಿನ ಮಿತಿ 45 ಡೆಸಿಬೆಲ್. ಕಾರಿನ ಸೈರನ್ನುಗಳು ಹತ್ತಿರದಲ್ಲಿ 110 ಡೆಸಿಬೆಲ್ಲನ್ನೂ ಮೀರಿ ಕೂಗಬಲ್ಲವು.

ಒಳಗಿನ ಚಲನೆಯನ್ನು ಅರಿಯುವ ಸೆನ್ಸರಿದ್ದವರು ಕಿಟಕಿಯನ್ನು ಬೆರಳಿನಷ್ಟೂ ತೆರೆದಿಡಬಾರದು. ಬಿಸಿಲಿಗೆಂದು ಸಂದು ಬಿಟ್ಟರೆ ಗಾಳಿಯೇ ಕಳ್ಳನಾಗುತ್ತದೆ. ಕನ್ನಡಿಗೆ ತೂಗುಬಿಟ್ಟ ಗೊಂಬೆ, ಹೂಮಾಲೆಗಳೂ ಹಾಗೆಯೇ. ಇನ್ನು ರಿಮೋಟು ಕೆಲಸ ಮಾಡದಿದ್ದರೆ ಮೊದಲು ಅದರ ಬಿಲ್ಲೆಯಂಥ ಸೆಲ್ಲನ್ನು ಬದಲಿಸಿ ನೋಡಬೇಕು. ಹೆಚ್ಚಿನ ಸಲ ಕಥೆ ಅಲ್ಲಿಗೇ ಮುಗಿಯುತ್ತದೆ.

ಸೈರನ್ನಿನ ಒಂದು ಕುಚೇಷ್ಟೆಯನ್ನು ಮಾತ್ರ ತಿಳಿದಿರಬೇಕು. ಕೆಲವು ಸೈರನ್ನುಗಳ ಹೊಟ್ಟೆಯೊಳಗೆ ಅವುಗಳದೇ ಪುಟ್ಟ ಬ್ಯಾಟರಿಯಿರುತ್ತದೆ, ಕಳ್ಳನು ಕಾರಿನ ಬ್ಯಾಟರಿ ಕಿತ್ತರೂ ಕೂಗಲೆಂದು. ಆ ಪುಟ್ಟ ಬ್ಯಾಟರಿ ವರ್ಷಗಳ ಶಾಖಕ್ಕೆ ಹಾಳಾದಾಗ ಸೈರನ್ನು ಯಾರ ಅಪ್ಪಣೆಯೂ ಇಲ್ಲದೆ ಕೂಗತೊಡಗುತ್ತದೆ. ಆಗ ರಿಮೋಟು ಒತ್ತಿದರೂ, ಬ್ಯಾಟರಿಯ ತಂತಿ ಬಿಚ್ಚಿದರೂ ನಿಲ್ಲುವುದಿಲ್ಲ. ಬಿಚ್ಚಿದರೆ ಇನ್ನಷ್ಟು ಕೂಗುತ್ತದೆ. ಇಂಥವಕ್ಕೆ ಅನೇಕ ಸಲ ಪಕ್ಕದಲ್ಲಿಯೇ ಸಣ್ಣ ಕೀಲಿಯ ರಂಧ್ರವಿರುತ್ತದೆ. ಆ ಕೀಲಿ ಎಲ್ಲಿದೆಯೆಂದು ಹಗಲಿನಲ್ಲಿಯೇ ಹುಡುಕಿಟ್ಟುಕೊಂಡವರು ಪುಣ್ಯವಂತರು.

ಸ್ವಂತ ಕೈಯಿಂದ ಕೆಲಸ ಮಾಡುವವರು ಬ್ಯಾಟರಿಯ ಋಣ ತುದಿಯನ್ನು ಮೊದಲು ಬಿಚ್ಚಿ ಕೊನೆಗೆ ಕೂಡಿಸಬೇಕು. ಬೆರಳಿನ ಉಂಗುರ ತೆಗೆದಿಡಬೇಕು. ಸ್ಟಿಯರಿಂಗಿನ ಕೆಳಗೆ ಹಳದಿ ಬಣ್ಣದ ಪ್ಲಗ್ಗುಗಳು ಕಂಡರೆ ಅವು ಏರ್‌ಬ್ಯಾಗಿನವು. ಅವುಗಳಿಗೆ ಕೈಹಚ್ಚಲೇ ಬಾರದು. ಎಂಜಿನ್ನನ್ನು ತಡೆಯುವ ಇಮೊಬಿಲೈಸರ್ ಎಂಬುದು ಸೈರನ್ನಿಗಿಂತ ಬೇರೆಯಾದ ಏರ್ಪಾಡು. ಕಾರ್ಖಾನೆಯಲ್ಲಿಯೇ ಅದನ್ನು ಕೂಡಿಸಿದ ಕಾರಿನಲ್ಲಿ, ಸರಿಯಾದ ಕೀಲಿಯಿಲ್ಲದೆ ಎಂಜಿನ್ನು ಹೊತ್ತಿಕೊಳ್ಳದು. ಆದುದರಿಂದ ಶಾಕ್ ಸೆನ್ಸರನ್ನು ಮಂದ ಮಾಡಿದ ಮಾತ್ರಕ್ಕೆ ಕಾರನ್ನು ಬೀದಿಗೆ ಬಿಟ್ಟಂತಾಯಿತೆಂದು ಕಳವಳಪಡಬೇಕಾದುದಿಲ್ಲ.

ಬ್ಯಾಂಕಿನವರು ಭಾನುವಾರದ ಮಧ್ಯಾಹ್ನವನ್ನೆಲ್ಲ ತಿರುಪಿನ ಮುಂದೆ ಕಳೆದರು. ಮುದುಕಿಯ ಮೊಮ್ಮಗ ಪುಸ್ತಕ ಮಡಿಚಿಟ್ಟು, ಕಂಬಕ್ಕೆ ಗುದ್ದುವ ಕೆಲಸವನ್ನು ಬಹು ಉತ್ಸಾಹದಿಂದ ವಹಿಸಿಕೊಂಡ. ಒಂಬತ್ತನೆಯ ಸಲಕ್ಕೆ ಹದ ಸಿಕ್ಕಿತು. ತಿರುಪಿನ ಗೀರು ಯಾವ ದಿಕ್ಕಿಗೆ ನಿಂತಿದೆಯೆಂದು ಚೀಟಿಯಲ್ಲಿ ಚಿತ್ರ ಬರೆದು, ಅದನ್ನು ಆರ್‌ಸಿ ಕಾಗದದ ಜೊತೆಗೆ ಇಟ್ಟರು. ಆ ರಾತ್ರಿ ಅವರಿಗೆ ನಿದ್ದೆ ಬರಲಿಲ್ಲ. ಲಾರಿಗಳು ಒಂದೊಂದಾಗಿ ಗುಂಡಿಗೆ ಇಳಿದು ಏರುವುದನ್ನು ಎಣಿಸುತ್ತ ಮಲಗಿದ್ದರು. ನಾಲ್ಕರ ಸುಮಾರಿಗೆ ಯಾವುದೋ ಬೆಕ್ಕು ಬಾನೆಟ್ಟಿನ ಮೇಲೆ ಹಾರಿರಬೇಕು, ಚಿಕ್ಕದೊಂದು ಚಿಲಿಪಿಲಿ ಕೇಳಿಸಿತು, ಅಷ್ಟೆ.

ನಾಲ್ಕೈದು ದಿನ ಕಳೆಯಿತು. ಬೆಳಿಗ್ಗೆ ಅಂಗಳಕ್ಕೆ ನೀರು ಹಾಕುತ್ತಿದ್ದ ಮುದುಕಿ, ಬ್ಯಾಂಕಿಗೆ ಹೊರಟಿದ್ದವರನ್ನು ತಡೆದು ನಿಲ್ಲಿಸಿದಳು. ಕಾರು ಅಂದು ಮಗಳ ಮನೆಯವರ ಜೊತೆ ಸುರಪುರಕ್ಕೆ ಹೋಗಿತ್ತು. ಬೇವಿನ ಮರದ ಕೆಳಗೆ ಎಣ್ಣೆಯ ಕಲೆಯೊಂದು ಮಾತ್ರ ಇತ್ತು.

“ತಮ್ಮಾ, ಭಾಳ ದಿನ ಆಯ್ತು, ಸದ್ದೇ ಇಲ್ಲ. ಗಾಡಿ ಮಾರಿದ್ಯೇನಪ್ಪಾ?”